ಮೆದುಳಿನ ಆಪರೇಷನ್ ಆದ ಜಾಗದಲ್ಲಿ ಮತ್ತೆ ಗಡ್ಡೆ ಕಂಡರೆ

ದೊಡ್ಡಬಳ್ಳಾಪುರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯ ಮುಂಭಾಗದಲ್ಲಿ ನಾಲ್ಕು ಮಗ್ಗ, ಹಿಂದೆ ಅಡುಗೆಮನೆ. ಆ ಮನೆಯ ತಾಯಿಗೆ ಒಂದೂವರೆ ವರ್ಷದ ಹಿಂದೆ ಮೆದುಳಿನ ಪೊರೆಯ ಗಡ್ಡೆಗೆ ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ. ಕ್ಯಾನ್ಸರ್ ಅಲ್ಲ, ಸಾಧಾರಣ ಗಡ್ಡೆ, ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಕೆ ಚೇತರಿಸಿಕೊಂಡು ಮನೆಗೆಲಸ ಮಾಡುತ್ತಿದ್ದರು. ಒಂದು ದಿನ ಫಜ್ರ್ ಹೊತ್ತಿಗೆ ಎದ್ದವರು ಬಚ್ಚಲ ಬಾಗಿಲಲ್ಲೇ ಬಿದ್ದು ಕೈಕಾಲು ಅದುರಿಸತೊಡಗಿದರು. ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಹಳೆಯ ಜಾಗದಲ್ಲೇ ಉಂಗುರದಂಥ ಬಿಳಿ ನೆರಳು ಕಂಡಿತು. ‘ಗಡ್ಡೆ ಮರುಕಳಿಸಿರಬಹುದು’ ಎಂದು ವರದಿ ಬಂತು.

ಮನೆಯವರ ಎದೆ ಒಡೆಯಿತು. ‘ಅಮ್ಮಿಗೆ ಮತ್ತೆ ಬಂತು’ ಎಂದು ಮಗಳು ಅತ್ತಳು. ಮಗ್ಗ ಮಾರಿಯಾದರೂ ಹಣ ಹೊಂದಿಸೋಣ ಎಂದು ಮಗ ಲೆಕ್ಕ ಹಾಕಿದ. ‘ಎರಡನೇ ಸಲ ತಲೆ ತೆರೆಸುವುದು ಬೇಡ, ಇದ್ದಷ್ಟು ದಿನ ಇರಲಿ’ ಎಂದರು ಚಾಚಾ. ಆದರೆ ದೊಡ್ಡ ಆಸ್ಪತ್ರೆಯ ನರಶಸ್ತ್ರವೈದ್ಯರು ಮೊದಲು ಕೇಳಿದ್ದು ಬೇರೆಯೇ ಪ್ರಶ್ನೆ: ‘ಹಿಂದಿನ ಆಪರೇಷನ್ನಿನ ಕಾಗದ ಎಲ್ಲಿದೆ? ಆಗ ಒಳಗೆ ಏನಾದರೂ ಬಿಟ್ಟಿದ್ದರೇ?’

ಈ ಮನೆ ಕಲ್ಪನೆಯದು. ಆದರೆ ಆ ಪ್ರಶ್ನೆ ನಿಜವಾದದ್ದು, ವೈದ್ಯರು ಕೇಳಲೇಬೇಕಾದದ್ದು. ಮೆದುಳಿನ ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಮತ್ತೆ ಕಾಣುವ ಗಂಟೆಲ್ಲ ಗಡ್ಡೆಯೇ ಆಗಿರಬೇಕೆಂದಿಲ್ಲ. ಕೆಲವೊಮ್ಮೆ ರಕ್ತ ನಿಲ್ಲಿಸಲು ಇಟ್ಟ ವಸ್ತುವಿನ ಸುತ್ತ ದೇಹ ತಾನೇ ಕಟ್ಟಿಕೊಂಡ ಉರಿಯೂತದ ಗಂಟು ಅದಾಗಿರುತ್ತದೆ. ಇದು ಅಪರೂಪ. ಅಪರೂಪವಾದ್ದರಿಂದಲೇ ಹಲವರಿಗೆ ಇದರ ಸುಳಿವೂ ಇರುವುದಿಲ್ಲ. ಈ ಸಲ ಅದನ್ನು ತಿಳಿದುಕೊಳ್ಳೋಣ.

ಒಳಗೆ ಬಿಡುವುದೇಕೆ?

ಕೈಯಲ್ಲೋ ಹೊಟ್ಟೆಯಲ್ಲೋ ರಕ್ತ ಸುರಿದರೆ ಶಸ್ತ್ರವೈದ್ಯರು ನಾಳವನ್ನು ಹಿಡಿದು ದಾರದಿಂದ ಬಿಗಿಯಬಹುದು, ಬಟ್ಟೆಯಿಂದ ಒತ್ತಿ ಹಿಡಿಯಬಹುದು. ಮೆದುಳಿನಲ್ಲಿ ಅದು ಸಾಧ್ಯವಿಲ್ಲ. ಮೆದುಳು ಬೆಣ್ಣೆಯಷ್ಟು ಮೃದು. ಒತ್ತಿದರೆ ಮಾತು, ನೋಟ, ಕೈಕಾಲಿನ ಬಲ ಹೋದೀತು. ಹಾಗೆಂದು ರಕ್ತವನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ತಲೆಬುರುಡೆ ಗಟ್ಟಿ ಡಬ್ಬಿ, ಹಿಗ್ಗುವುದಿಲ್ಲ. ಒಳಗೆ ಸ್ವಲ್ಪ ರಕ್ತ ಕಟ್ಟಿಕೊಂಡರೂ ಮೆದುಳು ಅದುಮಿ ಜೀವಕ್ಕೆ ಕುತ್ತು ಬರುತ್ತದೆ.

ಆದ್ದರಿಂದ ನರಶಸ್ತ್ರವೈದ್ಯರು ನೂರು ವರ್ಷಕ್ಕೂ ಮೇಲಿಂದ ಮೃದುವಾದ ಉಪಾಯಗಳನ್ನು ಹುಡುಕುತ್ತ ಬಂದಿದ್ದಾರೆ. 1892ರಲ್ಲಿ ಬ್ರಿಟನ್ನಿನ ವಿಕ್ಟರ್ ಹಾರ್ಸ್ಲಿ ಬುರುಡೆಯ ಮೂಳೆಯಿಂದ ಜಿನುಗುವ ರಕ್ತ ನಿಲ್ಲಿಸಲು ಜೇನುಮೇಣದ ಮಿಶ್ರಣ ಬಳಸಿದರು. 1911ರಲ್ಲಿ ಅಮೆರಿಕದ ಹಾರ್ವಿ ಕುಶಿಂಗ್ ರಕ್ತನಾಳ ಮುಚ್ಚಲು ಬೆಳ್ಳಿಯ ಪುಟ್ಟ ಕ್ಲಿಪ್‌ಗಳನ್ನು ತಂದರು. 1940ರ ದಶಕದಲ್ಲಿ ಜೆಲಾಟಿನ್ ಸ್ಪಾಂಜ್ ಮತ್ತು ಸೆಲ್ಯುಲೋಸಿನ ಬಲೆಬಟ್ಟೆ ಬಂದವು. ಅದಕ್ಕೂ ಬಹಳ ಹಿಂದೆ, ಸಾವಿರ ವರ್ಷಗಳಾಚೆ, ಸ್ಪೇನಿನ ಕಾರ್ಡೋಬಾದಲ್ಲಿದ್ದ ವೈದ್ಯ ಅಝ್ಝಹ್ರಾವಿ ತಮ್ಮ ‘ಕಿತಾಬ್ ಅತ್ತಸ್ರೀಫ್’ ಗ್ರಂಥದಲ್ಲಿ ಪ್ರಾಣಿಗಳ ಕರುಳಿನಿಂದ ಮಾಡಿದ ಹೊಲಿಗೆ ದಾರದ ಬಗ್ಗೆ ಬರೆದಿದ್ದರು. ಅಂಥ ದಾರ ಮೈಯೊಳಗೆ ತಾನೇ ಕರಗಿಹೋಗುತ್ತದೆ. ಒಳಗೆ ಇಟ್ಟದ್ದು ತನ್ನ ಕೆಲಸ ಮುಗಿಸಿ ಮಾಯವಾಗಬೇಕು ಎಂಬ ಆಲೋಚನೆ ಹೊಸದಲ್ಲ.

ಇಂದು ಒಳಗೆ ಉಳಿಯುವ ವಸ್ತುಗಳನ್ನು ಮೂರು ಗುಂಪಾಗಿ ನೋಡಬಹುದು.

ಒಂದು, ಕರಗುವಂಥವು. ಗಿಡದ ನಾರಿನಿಂದ ತಯಾರಾದ ಆಕ್ಸಿಡೀಕರಿಸಿದ ಸೆಲ್ಯುಲೋಸ್ ತೆಳು ಜಾಳಿಬಟ್ಟೆಯಂತಿರುತ್ತದೆ. ಸ್ವಲ್ಪ ಇಟ್ಟರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕರಗುತ್ತದೆ, ಹೆಚ್ಚಿದ್ದರೆ ಇನ್ನೂ ತಡ. ಜೆಲಾಟಿನ್ ಸ್ಪಾಂಜ್ ಕರಗಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಕೊಲ್ಯಾಜೆನ್ ಪುಡಿ ಅಥವಾ ಹಾಳೆ ಇದೇ ಗುಂಪಿಗೆ ಸೇರುತ್ತದೆ.

ಎರಡು, ಬೇಕೆಂದೇ ಶಾಶ್ವತವಾಗಿ ಇಡುವಂಥವು. ಉಬ್ಬಿದ ರಕ್ತನಾಳಕ್ಕೆ ಹಾಕುವ ಕ್ಲಿಪ್, ಬುರುಡೆಯ ಮೂಳೆ ಕೂಡಿಸುವ ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂ, ಮೂಳೆಗೆ ಸವರಿದ ಮೇಣ, ಮೆದುಳಿನ ನೀರನ್ನು ಹೊಟ್ಟೆಗೆ ಇಳಿಸುವ ಸಿಲಿಕೋನ್ ಶಂಟ್ ಕೊಳವೆ ಇವೆಲ್ಲ ಹೀಗೆ.

ಮೂರು, ಉಳಿಯಲೇಬಾರದಂಥವು. ಆಪರೇಷನ್ ವೇಳೆ ಮೆದುಳನ್ನು ಕಾಪಾಡಲು, ರಕ್ತ ಹೀರಲು ಪುಟ್ಟ ಹತ್ತಿ ತುಂಡುಗಳನ್ನು ಬಳಸುತ್ತಾರೆ. ಇವುಗಳಿಗೆ ಕಾಟನಾಯ್ಡ್ ಅಥವಾ ಪ್ಯಾಟಿ ಎನ್ನುತ್ತಾರೆ. ಪ್ರತಿಯೊಂದಕ್ಕೂ ಹೊರಗೆ ಜೋತುಬೀಳುವ ದಾರದ ಬಾಲವಿರುತ್ತದೆ, ಎಕ್ಸ್‌ರೇಯಲ್ಲಿ ಕಾಣುವ ಗೆರೆಯಿರುತ್ತದೆ. ಮುಗಿದ ಮೇಲೆ ಎಣಿಸಿ ಎಲ್ಲವನ್ನೂ ಹೊರತೆಗೆಯಬೇಕು. ಆದರೂ ಕೆಲವೊಮ್ಮೆ ಒಂದು ತುಂಡೋ, ಕೆಲವೇ ಹತ್ತಿಯ ಎಳೆಗಳೋ ಒಳಗೆ ಉಳಿಯುತ್ತವೆ.

ದೇಹ ಏನು ಮಾಡುತ್ತದೆ?

ಕಾಲಿಗೆ ಜಾಲಿಮುಳ್ಳು ಚುಚ್ಚಿ ತುದಿ ಒಳಗೇ ಮುರಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಆ ಜಾಗ ಕೆಂಪಾಗುತ್ತದೆ, ಊದುತ್ತದೆ. ಮುಳ್ಳು ಹೊರಬಾರದಿದ್ದರೆ ಅದರ ಸುತ್ತ ಗಟ್ಟಿ ಗಂಟು ಕಟ್ಟುತ್ತದೆ. ಮೆದುಳಿನಲ್ಲೂ ಆಗುವುದು ಇದೇ.

ಪರಕೀಯ ವಸ್ತು ಕಂಡ ಕೂಡಲೇ ಬಿಳಿ ರಕ್ತಕಣಗಳು ಅಲ್ಲಿಗೆ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಸಿಕ್ಕಿದ್ದನ್ನು ನುಂಗಿ ಜೀರ್ಣಿಸುವ ಕೆಲಸ. ವಸ್ತು ಚಿಕ್ಕದಾಗಿ ಕರಗುವಂಥದ್ದಾದರೆ ಕೆಲಸ ಬೇಗ ಮುಗಿಯುತ್ತದೆ. ಹತ್ತಿಯ ಎಳೆಯನ್ನು ಮಾತ್ರ ನಮ್ಮ ದೇಹ ಜೀರ್ಣಿಸಲಾರದು. ಆಗ ಆ ಕಣಗಳು ಒಂದಕ್ಕೊಂದು ಸೇರಿಕೊಂಡು ದೊಡ್ಡ ಕೋಶಗಳಾಗಿ ಎಳೆಯನ್ನು ಸುತ್ತುವರಿಯುತ್ತವೆ. ಇವನ್ನು ದೈತ್ಯಕೋಶಗಳೆನ್ನುತ್ತಾರೆ. ಅವುಗಳ ಹೊರಗೆ ನಾರಿನ ಗೋಡೆ ಬೆಳೆಯುತ್ತದೆ. ಹೀಗೆ ಆದ ಗಂಟಿಗೆ ಗ್ರಾನುಲೋಮ ಎಂದು ಹೆಸರು. ಹೊರಗೆ ಕಳಿಸಲಾಗದ್ದಕ್ಕೆ ಒಳಗೇ ಬೇಲಿ ಹಾಕಿದಂತೆ.

ಕಾಲಿನಲ್ಲಿ ಇಂಥ ಗಂಟಿನಿಂದ ನೋವಷ್ಟೇ. ತಲೆಯೊಳಗೆ ಜಾಗವಿಲ್ಲ. ಗಂಟು ಮತ್ತು ಅದರ ಸುತ್ತಲ ಬಾವು ಪಕ್ಕದ ಮೆದುಳನ್ನು ಒತ್ತುತ್ತದೆ, ಕೆರಳಿಸುತ್ತದೆ. ಅದರಿಂದಲೇ ತಲೆನೋವು, ಫಿಟ್ಸ್, ಬಲಹೀನತೆ. ಕೆಲವರಲ್ಲಿ ಇದು ವಾರಗಳಲ್ಲೇ ಕಾಣಿಸುತ್ತದೆ, ಕೆಲವರಲ್ಲಿ ತಿಂಗಳುಗಳ ನಂತರ, ಅಪರೂಪಕ್ಕೆ ಹತ್ತಾರು ವರ್ಷಗಳ ನಂತರ. ಕರಗಬೇಕಾದ ವಸ್ತುವೂ ಕೆಲವರಲ್ಲಿ ಕರಗುವ ಮೊದಲೇ ಇಂಥ ಉರಿಯೂತ ಎಬ್ಬಿಸುತ್ತದೆ. ಹೆಚ್ಚಿನವರಲ್ಲಿ ಏನೂ ಆಗುವುದಿಲ್ಲ.

ಹೆಸರಿನಲ್ಲೊಂದು ನೇಯ್ಗೆ

ವೈದ್ಯರು ಈ ಗಂಟಿಗೆ ಟೆಕ್ಸ್ಟೈಲೋಮ, ಗಾಸಿಪಿಬೋಮ, ಗಾಜೋಮ ಎಂದೆಲ್ಲ ಹೆಸರಿಟ್ಟಿದ್ದಾರೆ. ಟೆಕ್ಸ್ಟೈಲ್ ಎಂದರೆ ಬಟ್ಟೆ. ಗಾಸಿಪಿಯಂ ಎಂದರೆ ಲ್ಯಾಟಿನ್ನಿನಲ್ಲಿ ಹತ್ತಿ. ‘ಬೋಮ’ ಎಂಬುದು ಆಫ್ರಿಕದ ಸ್ವಾಹಿಲಿ ಭಾಷೆಯಿಂದ ಬಂತು, ಅಡಗುವ ತಾಣವೆಂದು ವೈದ್ಯರು ಅದಕ್ಕೆ ಅರ್ಥ ಹೇಳುತ್ತಾರೆ. ಮಗ್ಗದ ಸದ್ದು ಕೇಳಿ ಬೆಳೆದ ದೊಡ್ಡಬಳ್ಳಾಪುರದವರಿಗೆ ಈ ಹೆಸರುಗಳು ಬೇಗ ಅರ್ಥವಾದಾವು.

ಇನ್ನೊಂದು ಹೆಸರು ಮಸ್ಲಿನೋಮ. ಇದಕ್ಕೂ ಮುಸ್ಲಿಮರಿಗೂ ಸಂಬಂಧವಿಲ್ಲ, ವರದಿಯಲ್ಲಿ ಕಂಡರೆ ಗಾಬರಿಯಾಗಬೇಡಿ. ಇದು ಮಸ್ಲಿನ್ ಬಟ್ಟೆಯಿಂದ ಬಂದದ್ದು. ಮಸ್ಲಿನ್ ಎಂಬ ಹೆಸರು ಇರಾಕಿನ ಮೋಸುಲ್ ನಗರದಿಂದ ಬಂತೆಂದು ಹೇಳುತ್ತಾರೆ. ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ, ಅದಕ್ಕೆ ಕ್ಲಿಪ್ ಹಾಕಲು ಸಾಧ್ಯವಾಗದಿದ್ದಾಗ ಹಿಂದೆ ಶಸ್ತ್ರವೈದ್ಯರು ಅದರ ಸುತ್ತ ಮಸ್ಲಿನ್ ತುಂಡು ಸುತ್ತುತ್ತಿದ್ದರು. ಬಟ್ಟೆಗೆ ದೇಹ ತೋರುವ ಉರಿಯೂತದಿಂದ ನಾಳದ ಗೋಡೆ ದಪ್ಪವಾಗಿ ಒಡೆಯದಿರಲಿ ಎಂಬುದೇ ಅವರ ಉದ್ದೇಶ. ಬಹಳ ಮಂದಿಗೆ ಅದರಿಂದ ಪ್ರಯೋಜನವಾಯಿತು. ಕೆಲವರಲ್ಲಿ ಮಾತ್ರ ಉರಿಯೂತ ಹದ ಮೀರಿ ಪಕ್ಕದ ಕಣ್ಣಿನ ನರಕ್ಕೆ ಹಬ್ಬಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನೋಟ ಮಂದವಾಯಿತು. ಜೀವ ಉಳಿಸಲು ಇಟ್ಟದ್ದೇ ಇನ್ನೊಂದು ತೊಂದರೆಗೆ ಕಾರಣವಾದ ಉದಾಹರಣೆ ಇದು.

ಸ್ಕ್ಯಾನ್ ಏಕೆ ಮೋಸಹೋಗುತ್ತದೆ?

ಎಂಆರ್‌ಐ ಯಂತ್ರ ನೆರಳನ್ನು ತೋರಿಸುತ್ತದೆ, ಹೆಸರನ್ನು ಹೇಳುವುದಿಲ್ಲ. ಮರುಕಳಿಸಿದ ಗಡ್ಡೆ, ಕೀವುಗಂಟು, ರೇಡಿಯೇಷನ್ನಿನಿಂದ ಸತ್ತ ಮೆದುಳಿನ ಭಾಗ, ಉಳಿದ ವಸ್ತುವಿನ ಸುತ್ತಲ ಉರಿಯೂತ ಈ ನಾಲ್ಕೂ ಬಣ್ಣದ ಔಷಧಿ ಚುಚ್ಚಿ ತೆಗೆದ ಚಿತ್ರದಲ್ಲಿ ಉಂಗುರದಂತೆ ಹೊಳೆಯಬಹುದು. ಆಪರೇಷನ್ ಆದ ಹೊಸದರಲ್ಲಿ ಸೆಲ್ಯುಲೋಸ್ ಬಟ್ಟೆಯ ಜಾಳಿಯಲ್ಲಿ ಗಾಳಿಯ ಗುಳ್ಳೆಗಳು ಉಳಿದಿರುತ್ತವೆ. ಸಿಟಿ ಸ್ಕ್ಯಾನಿನಲ್ಲಿ ಅದು ಕೀವಿನಂತೆ ಕಾಣುತ್ತದೆ. ಡಿಫ್ಯೂಷನ್ ಎಂಬ ಎಂಆರ್‌ಐ ಬಗೆಯಿಂದ ಕೀವುಗಂಟನ್ನು ಬೇರ್ಪಡಿಸಲು ಸಾಕಷ್ಟು ಸಹಾಯವಾಗುತ್ತದೆ. ಆದರೂ ಉಳಿದವುಗಳಲ್ಲಿ ಇಂಥದ್ದೇ ಎಂದು ಖಚಿತವಾಗಿ ಹೇಳುವುದು ಬಹಳ ಸಲ ಕಷ್ಟ.

ಕೊನೆಯ ಮಾತು ಬಯಾಪ್ಸಿಯದು. ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದೈತ್ಯಕೋಶಗಳು, ಅವುಗಳ ನಡುವೆ ಎಳೆಗಳು ಕಾಣುತ್ತವೆ. ಧ್ರುವೀಕರಿಸಿದ ಬೆಳಕು ಹಾಯಿಸಿದರೆ ಹತ್ತಿಯ ನಾರು ಮಿನುಗುತ್ತದೆ. ಗಡ್ಡೆಯ ಕೋಶಗಳಿಲ್ಲದೆ ಇವಷ್ಟೇ ಇದ್ದರೆ ಮನೆಯವರಿಗೆ ದೊಡ್ಡ ನೆಮ್ಮದಿ. ಕೆಲವೊಮ್ಮೆ ಗಡ್ಡೆಯೂ ಉರಿಯೂತವೂ ಒಟ್ಟಿಗೇ ಇರುವುದುಂಟು. ಆದ್ದರಿಂದ ವರದಿಯನ್ನು ಪೂರ್ತಿ ಓದಿಸಿ, ಅರ್ಥ ಕೇಳಿಕೊಳ್ಳಿ.

ಇಲ್ಲಿ ನಮ್ಮ ಜಿಲ್ಲೆಯವರಿಗೊಂದು ಅನುಕೂಲವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಯಾವ ತಾಲ್ಲೂಕಿನಿಂದಲೂ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಒಂದೇ ದಿನದಲ್ಲಿ ಹೋಗಿಬರುವ ದೂರದಲ್ಲಿದೆ. 1974ರಲ್ಲಿ ಈ ಸಂಸ್ಥೆ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಸ್ವತಃ ನರಶಸ್ತ್ರವೈದ್ಯರಾಗಿದ್ದರು. ನರಶಸ್ತ್ರಚಿಕಿತ್ಸೆ, ನರರೋಗ, ಮೆದುಳಿನ ಸ್ಕ್ಯಾನ್, ಮೆದುಳಿನ ತುಂಡುಗಳನ್ನೇ ಪರೀಕ್ಷಿಸುವ ನ್ಯೂರೊಪೆಥಾಲಜಿ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿವೆ. ಎರಡನೇ ಅಭಿಪ್ರಾಯ ಬೇಕಾದರೆ ಹಿಂದಿನ ಸ್ಲೈಡ್ ಮತ್ತು ಮೇಣದ ಬ್ಲಾಕುಗಳನ್ನು ಮೊದಲ ಆಸ್ಪತ್ರೆಯಿಂದ ಕೇಳಿ ಪಡೆದು ತೋರಿಸಬಹುದು. ಹೋಗುವಾಗ ಆಧಾರ್, ಪಡಿತರ ಚೀಟಿ ಜೊತೆಗಿರಲಿ.

ಯಾವ ಲಕ್ಷಣಕ್ಕೆ ಎಚ್ಚರವಾಗಬೇಕು?

ನಮ್ಮ ಜಿಲ್ಲೆಯಲ್ಲಿ ತಲೆಯ ಆಪರೇಷನ್ ಗಡ್ಡೆ ಬಂದವರಿಗೆ ಮಾತ್ರ ಆಗುವುದಲ್ಲ. ನೆಲಮಂಗಲದ ತುಮಕೂರು ರಸ್ತೆ, ಹೊಸಕೋಟೆಯ ಕೋಲಾರ ರಸ್ತೆ, ದೇವನಹಳ್ಳಿಯ ವಿಮಾನ ನಿಲ್ದಾಣದ ರಸ್ತೆಗಳಲ್ಲಿ ಬೈಕಿನಿಂದ ಬಿದ್ದು ತಲೆ ಒಡೆದುಕೊಂಡ ಹುಡುಗರೂ ಇದ್ದಾರೆ. ಯಾವ ಕಾರಣಕ್ಕೇ ಆಗಲಿ, ತಲೆ ತೆರೆದು ಚಿಕಿತ್ಸೆಯಾದವರಲ್ಲಿ ಇವುಗಳನ್ನು ಗಮನಿಸಿ:

ಬೆಳಗ್ಗೆ ಎದ್ದಾಗ ಹೆಚ್ಚಾಗುವ, ದಿನೇ ದಿನೇ ಜೋರಾಗುವ ತಲೆನೋವು, ಜೊತೆಗೆ ವಾಂತಿ.
ಮೊದಲ ಸಲ ಬಂದ ಫಿಟ್ಸ್, ಅಥವಾ ನಿಂತುಹೋಗಿದ್ದ ಫಿಟ್ಸ್ ಮತ್ತೆ ಶುರುವಾಗುವುದು.
ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಬಾಯಿ ಓರೆಯಾಗುವುದು.
ನೋಟ ಮಂಜಾಗುವುದು, ಎರಡೆರಡಾಗಿ ಕಾಣುವುದು.
ಜ್ವರ, ಕತ್ತು ಬಿಗಿತ, ಹೊಲಿಗೆಯ ಜಾಗದಲ್ಲಿ ಊತ, ನೀರು ಅಥವಾ ಕೀವು ಒಸರುವುದು.
ಸ್ವಭಾವ ಬದಲಾಗುವುದು, ಮರೆವು, ಸದಾ ಮಂಪರು.

ಇವುಗಳಲ್ಲಿ ಯಾವುದು ಕಂಡರೂ ಅದು ಉಳಿದ ವಸ್ತುವಿನ ಉರಿಯೂತವೇ ಎಂದು ತೀರ್ಮಾನಿಸಬೇಡಿ, ಗಡ್ಡೆಯೇ ಎಂದೂ ತೀರ್ಮಾನಿಸಬೇಡಿ. ಆಪರೇಷನ್ ಮಾಡಿದ ವೈದ್ಯರಿಗೆ ಅಥವಾ ನರರೋಗ ವಿಭಾಗಕ್ಕೆ ಬೇಗ ತೋರಿಸಿ. ಜ್ವರದ ಜೊತೆ ಮಂಪರಿದ್ದರೆ, ಫಿಟ್ಸ್ ಐದು ನಿಮಿಷ ಮೀರಿದರೆ, ಪ್ರಜ್ಞೆ ಬರುವ ಮೊದಲೇ ಮತ್ತೆ ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಫಿಟ್ಸ್ ಬಂದಾಗ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕತ್ತಿನ ಗುಂಡಿ ಅಥವಾ ದುಪಟ್ಟಾ ಸಡಿಲಿಸಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಕೈಗೆ ಬೀಗದಕೈ ಕೊಡುವುದರಿಂದ, ಚಪ್ಪಲಿ ಮೂಸಿಸುವುದರಿಂದ ಏನೂ ಆಗದು. ‘ಅಸರ್ ಆಗಿದೆ’ ಎಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದ ಮನೆಗಳು ನಮ್ಮ ನಡುವೆ ಇಲ್ಲದಿಲ್ಲ. ದುಆ ಮಾಡಿ, ಖಂಡಿತ ಮಾಡಿ, ಮಾತ್ರೆಯನ್ನೂ ಕೊಡಿ.

ಚಿಕಿತ್ಸೆ ಏನು?

ಲಕ್ಷಣವೇ ಇಲ್ಲದೆ, ಸ್ಕ್ಯಾನಿನಲ್ಲಿ ಚಿಕ್ಕದಾಗಿ ಕಂಡದ್ದಾದರೆ ವೈದ್ಯರು ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡೋಣ ಎನ್ನಬಹುದು. ಕರಗುವ ವಸ್ತುವಿನ ಉರಿಯೂತ ಕಾಲ ಕಳೆದಂತೆ ಕುಗ್ಗುವುದುಂಟು. ಬಾವು ಹೆಚ್ಚಿದ್ದರೆ ಸ್ಟಿರಾಯ್ಡ್ ಕೊಡುತ್ತಾರೆ. ಗಂಟು ಬೆಳೆಯುತ್ತಿದ್ದರೆ, ಫಿಟ್ಸ್ ಹತೋಟಿಗೆ ಬಾರದಿದ್ದರೆ, ಗಡ್ಡೆಯೋ ಅಲ್ಲವೋ ತಿಳಿಯದಿದ್ದರೆ ಮತ್ತೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಎರಡನೇ ಆಪರೇಷನ್ ಎಂದ ಕೂಡಲೇ ಕೈಚೆಲ್ಲಬೇಡಿ. ಉರಿಯೂತದ ಗಂಟೇ ಆಗಿದ್ದರೆ ಅದನ್ನು ತೆಗೆದ ಮೇಲೆ ಹಲವರು ಚೆನ್ನಾಗಿ ಗುಣವಾಗುತ್ತಾರೆ. ರೇಡಿಯೇಷನ್, ಕೀಮೋ ಬೇಕಾಗುವುದಿಲ್ಲ.

ಸ್ಟಿರಾಯ್ಡ್ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೇನೆ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ಮೆಲ್ಲಮೆಲ್ಲನೆ ಇಳಿಸಬೇಕು, ಥಟ್ಟನೆ ಬಿಟ್ಟರೆ ಅಪಾಯ. ಅದು ಸಕ್ಕರೆ ಕಾಯಿಲೆಯವರ ಸಕ್ಕರೆಯನ್ನು ಏರಿಸುತ್ತದೆ, ಆದ್ದರಿಂದ ರಕ್ತಪರೀಕ್ಷೆ ಮಾಡಿಸುತ್ತಿರಿ. ಫಿಟ್ಸ್ ಮಾತ್ರೆಯೂ ಹಾಗೆಯೇ. ರಮಝಾನ್ ಹತ್ತಿರವಾದಾಗ ಕೆಲವರು ಹಗಲಿನ ಮಾತ್ರೆಯನ್ನು ತಾವೇ ಬಿಟ್ಟುಬಿಡುತ್ತಾರೆ. ಒಂದೆರಡು ತಿಂಗಳ ಮೊದಲೇ ವೈದ್ಯರಲ್ಲಿ ಕೇಳಿ. ಮಾತ್ರೆಯನ್ನು ಸೆಹ್ರಿ ಮತ್ತು ಇಫ್ತಾರಿಗೆ ಹೊಂದಿಸಬಹುದೇ, ನಿದ್ದೆ ಕೆಡುವುದರಿಂದ ಫಿಟ್ಸ್ ಬರುವ ಅಪಾಯವಿದೆಯೇ, ಈ ವರ್ಷ ಉಪವಾಸ ಬೇಡವೇ ಎಂಬುದನ್ನು ಅವರು ಹೇಳಲಿ. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ನಿಮಗೆ ತಿಳಿದದ್ದೇ.

ಹಂದಿಮೂಲದ ಜೆಲಾಟಿನ್ ಪ್ರಶ್ನೆ

ನಮ್ಮ ಮನೆಗಳಲ್ಲಿ ಏಳುವ ಒಂದು ಪ್ರಶ್ನೆಯನ್ನು ಇಲ್ಲಿ ಮರೆಮಾಚಬೇಕಿಲ್ಲ. ರಕ್ತ ನಿಲ್ಲಿಸಲು ಬಳಸುವ ಜೆಲಾಟಿನ್ ಸ್ಪಾಂಜ್‌ಗಳಲ್ಲಿ ಹಲವು ಹಂದಿಯ ಚರ್ಮದಿಂದ ತಯಾರಾಗುತ್ತವೆ. ಮೆದುಳಿನ ಪೊರೆಗೆ ತೇಪೆ ಹಾಕುವ ಕೊಲ್ಯಾಜೆನ್ ಹಾಳೆಗಳು ಹೆಚ್ಚಾಗಿ ದನದ ಮೂಲದವು. ಆಕ್ಸಿಡೀಕರಿಸಿದ ಸೆಲ್ಯುಲೋಸ್ ಗಿಡದಿಂದ ಬಂದದ್ದು. ಟೈಟೇನಿಯಂ ಲೋಹ, ಸಿಲಿಕೋನ್ ಪ್ರಾಣಿಮೂಲದ್ದಲ್ಲ.

ಯೋಜಿಸಿ ಮಾಡುವ ಆಪರೇಷನ್ನಾದರೆ ಮೊದಲೇ ಕೇಳಿ: ‘ಡಾಕ್ಟ್ರೇ, ಬೇರೆ ಮೂಲದ ವಸ್ತುವಿನಿಂದ ಕೆಲಸ ಆಗುತ್ತದೆಯೇ?’ ಹಲವು ಸಂದರ್ಭಗಳಲ್ಲಿ ಆಗುತ್ತದೆ, ಹಾಗೆ ಕೇಳಿದರೆ ಯಾವ ವೈದ್ಯರೂ ಬೇಸರಿಸಬೇಕಾಗಿಲ್ಲ. ಅಪಘಾತವಾಗಿ ರಾತ್ರೋರಾತ್ರಿ ತಲೆ ತೆರೆಯಬೇಕಾದಾಗ ಮಾತ್ರ ಈ ಪ್ರಶ್ನೆಗಾಗಿ ಸಹಿ ತಡಮಾಡಬೇಡಿ. ಪ್ರಾಣ ಉಳಿಸುವ ಅನಿವಾರ್ಯದಲ್ಲಿ ನಿಷಿದ್ಧವಾದದ್ದಕ್ಕೂ ರಿಯಾಯಿತಿ ಇದೆಯೆಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಮನಸ್ಸಿಗೆ ಸಂಶಯವಿದ್ದರೆ ನೀವು ನಂಬುವ ಆಲಿಮರನ್ನು ಕೇಳಿಕೊಳ್ಳಿ. ಈಗಾಗಲೇ ಇಟ್ಟದ್ದರ ಬಗ್ಗೆ ಕೊರಗುತ್ತ ಕೂರುವುದು ಬೇಡ. ಅದು ವಾರಗಳಲ್ಲೇ ಕರಗಿಹೋಗಿರುತ್ತದೆ.

ತಪ್ಪು ಯಾವುದು, ತಪ್ಪಲ್ಲದ್ದು ಯಾವುದು?

‘ತಲೆಯೊಳಗೆ ಏನೋ ಬಿಟ್ಟಿದ್ದಾರೆ’ ಎಂಬ ಮಾತು ಕೇಳಿದ ಕೂಡಲೇ ರಕ್ತ ಕುದಿಯುತ್ತದೆ. ಆದರೆ ರಕ್ತ ನಿಲ್ಲಿಸಲು ಬೇಕೆಂದೇ ಇಟ್ಟ ಕರಗುವ ವಸ್ತು ನಿರ್ಲಕ್ಷ್ಯವಲ್ಲ. ಅದನ್ನು ಇಡದಿದ್ದರೆ ರೋಗಿ ಅದೇ ದಿನ ರಕ್ತಸ್ರಾವದಿಂದ ಸಾಯುವ ಸಾಧ್ಯತೆಯಿತ್ತು. ಅದಕ್ಕೆ ಯಾರ ದೇಹ ಹೇಗೆ ಪ್ರತಿಕ್ರಿಯಿಸುತ್ತದೆಂದು ಮೊದಲೇ ಹೇಳಲಾಗದು. ಲೆಕ್ಕ ತಪ್ಪಿ ಮರೆತು ಉಳಿದ ಹತ್ತಿ ತುಂಡು ಬೇರೆ ವಿಷಯ.

ಮರೆವು ತಡೆಯಲು ಎಣಿಕೆಯ ಪದ್ಧತಿಯಿದೆ. ಶುರುವಿಗೆ ಮುನ್ನ, ಮುಚ್ಚುವ ಮುನ್ನ, ಮುಗಿದ ಮೇಲೆ ಇಬ್ಬರು ನರ್ಸ್‌ಗಳು ಪ್ಯಾಟಿಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಲೆಕ್ಕ ತಾಳೆಯಾಗದಿದ್ದರೆ ಹುಡುಕುತ್ತಾರೆ, ಎಕ್ಸ್‌ರೇ ತೆಗೆಯುತ್ತಾರೆ. ತುರ್ತು ಆಪರೇಷನ್, ವಿಪರೀತ ರಕ್ತಸ್ರಾವ, ಹತ್ತಾರು ಗಂಟೆಯ ಕೆಲಸ, ನಡುವೆ ಸಿಬ್ಬಂದಿ ಬದಲಾಗುವುದು ಇಂಥ ಕಡೆ ತಪ್ಪಾಗುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಈ ಎಣಿಕೆಯೂ ಸೇರಿದೆ. ದೆಹಲಿ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಒಂದು ಹಾಳೆಯ ಪಟ್ಟಿಯನ್ನು ಗಟ್ಟಿಯಾಗಿ ಓದಿದ್ದರ ಫಲ ಅದು.

ಕಾನೂನಿನ ಮಾತೂ ಇರಲಿ. 1963ರಲ್ಲಿ ಮಹಾರಾಷ್ಟ್ರದ ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ತಾಯಿಯ ಹೊಟ್ಟೆಯೊಳಗೆ ಆಪರೇಷನ್ ವೇಳೆ ಟವೆಲ್ ಉಳಿದು ಆಕೆ ತೀರಿಕೊಂಡರು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಹಾಗೆ ಟವೆಲ್ ಉಳಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ಸರಕಾರವೇ ಹೊಣೆ ಎಂದು ಹೇಳಿತು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯಿದೆಯಡಿ ಬರುತ್ತದೆಂದು 1995ರಲ್ಲೇ ಅದೇ ನ್ಯಾಯಾಲಯ ತೀರ್ಪಿತ್ತಿತ್ತು. ಆದರೆ ಮೊದಲ ಕೆಲಸ ರೋಗಿಯ ಚಿಕಿತ್ಸೆ. ಮೊದಲು ಆಪರೇಷನ್ ಮಾಡಿದ ವೈದ್ಯರ ಜೊತೆ ಜಗಳಕ್ಕೆ ನಿಂತರೆ, ಒಳಗೆ ಏನಿಟ್ಟಿದ್ದರೆಂದು ಹೇಳಬಲ್ಲ ಒಬ್ಬರನ್ನು ನೀವು ಕಳೆದುಕೊಳ್ಳುತ್ತೀರಿ.

ಕಾಗದಗಳ ಚೀಲ

ಇಡೀ ಲೇಖನದಲ್ಲಿ ನೀವು ಇಂದೇ ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿ ಯಾರಿಗಾದರೂ ತಲೆಯ ಆಪರೇಷನ್ ಆಗಿದ್ದರೆ ಒಂದು ಪ್ಲಾಸ್ಟಿಕ್ ಚೀಲ ತನ್ನಿ. ಅದರೊಳಗೆ ಇವುಗಳನ್ನು ಹಾಕಿ:

ಡಿಸ್ಚಾರ್ಜ್ ಚೀಟಿ. ಇದರ ಜೊತೆಗೆ ಆಪರೇಷನ್ ನೋಟ್ಸ್. ಏನು ಇಟ್ಟರು ಎಂಬುದು ಹೆಚ್ಚಾಗಿ ಇದರಲ್ಲೇ ಇರುತ್ತದೆ.
ಬಯಾಪ್ಸಿ ವರದಿ.
ಕ್ಲಿಪ್, ಶಂಟ್, ಪಟ್ಟಿಗಳ ಸ್ಟಿಕ್ಕರ್ ಅಥವಾ ಕಾರ್ಡ್.
ಹಳೆಯ ಸ್ಕ್ಯಾನುಗಳ ಫಿಲ್ಮ್ ಮತ್ತು ಸಿಡಿ. ಬರಿಯ ವರದಿ ಸಾಲದು, ಚಿತ್ರ ಬೇಕು. ಆಪರೇಷನ್ ಆದ ಹೊಸದರ ಸ್ಕ್ಯಾನ್ ಮುಖ್ಯ. ಅದರ ಪಕ್ಕದಲ್ಲಿಟ್ಟು ನೋಡಿದರೆ ಈಗಿನ ನೆರಳು ಹೊಸದೋ ಹಳೆಯದೋ ತಿಳಿಯುತ್ತದೆ.
ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ.

ಡಿಸ್ಚಾರ್ಜ್ ಚೀಟಿಯಲ್ಲಿ ವಿವರ ಇಲ್ಲದಿದ್ದರೆ ಆಸ್ಪತ್ರೆಗೆ ಅರ್ಜಿ ಕೊಡಿ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ಬೇಗ ಕಳೆದುಹೋಗುತ್ತದೆ. ಉರಿಯೂತ ಹತ್ತು ವರ್ಷದ ಮೇಲೂ ಕಾಣಿಸಬಹುದು. ಆದ್ದರಿಂದ ಆಸ್ಪತ್ರೆಯ ಕಪಾಟನ್ನು ನೆಚ್ಚಿಕೊಳ್ಳಬೇಡಿ. ಎಲ್ಲ ಹಾಳೆಗಳ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ.

ಕ್ಲಿಪ್ ಹಾಕಿಸಿಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಹಿಂದಿನ ಕಾಲದ ಕೆಲವು ಉಕ್ಕಿನ ಕ್ಲಿಪ್‌ಗಳನ್ನು ಎಂಆರ್‌ಐ ಯಂತ್ರದ ಅಯಸ್ಕಾಂತ ಸೆಳೆಯುತ್ತದೆ. ಅದು ಪ್ರಾಣಕ್ಕೆ ಎರವಾದೀತು. ಈಗಿನ ಟೈಟೇನಿಯಂ ಕ್ಲಿಪ್‌ಗಳಲ್ಲಿ ಆ ಭಯವಿಲ್ಲ. ನಿಮ್ಮದು ಯಾವುದೆಂದು ಹೇಳುವುದು ಆ ಕಾರ್ಡ್ ಮಾತ್ರ. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ‘ತಲೆಯಲ್ಲಿ ಕ್ಲಿಪ್ ಇದೆ’ ಎಂದು ಬಾಯಿಬಿಟ್ಟು ಹೇಳಿ.

ಮುಂದೆ ಆಪರೇಷನ್ ಆಗಬೇಕಾದವರು ಡಿಸ್ಚಾರ್ಜ್ ದಿನ ಮೂರು ಪ್ರಶ್ನೆ ಕೇಳಿದರೆ ಸಾಕು: ಒಳಗೆ ಏನೇನು ಇಟ್ಟಿದ್ದೀರಿ? ಅದು ಕರಗುವುದೇ, ಉಳಿಯುವುದೇ? ಅದನ್ನು ಚೀಟಿಯಲ್ಲಿ ಬರೆದುಕೊಡುತ್ತೀರಾ?

ಮೊದಲು ಹೇಳಿದ ಆ ಮನೆಗೆ ಮರಳೋಣ. ಆ ತಾಯಿಯ ಕಾಗದ ಅಕ್ಕಿಡಬ್ಬಿಯ ಮೇಲಿನ ಚೀಲದಲ್ಲಿ ಇದ್ದಿದ್ದರೆ, ‘ಸೆಲ್ಯುಲೋಸ್ ಬಟ್ಟೆ ಇಡಲಾಗಿದೆ’ ಎಂಬ ಒಂದು ಸಾಲು ಅದರಲ್ಲಿ ಸಿಕ್ಕಿದ್ದರೆ, ವೈದ್ಯರು ಗಡ್ಡೆಯ ಜೊತೆ ಇನ್ನೊಂದು ಸಾಧ್ಯತೆಯನ್ನೂ ಅಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಮಗ ಮಗ್ಗ ಮಾರಲು ಅವಸರಪಡುತ್ತಿರಲಿಲ್ಲ. ಚಾಚಾ ಆಸೆ ಬಿಡುತ್ತಿರಲಿಲ್ಲ. ಬಯಾಪ್ಸಿ ಬರುವವರೆಗೆ ಮನೆಯವರು ಭಯದಿಂದಲೇ ಕಾಯುತ್ತಿದ್ದರು, ನಿಜ. ಆ ಭಯದ ಪಕ್ಕದಲ್ಲಿ ಒಂದಿಷ್ಟು ಭರವಸೆಯೂ ಇರುತ್ತಿತ್ತು.

ಇಂದು ಇಶಾ ಆದ ಮೇಲೆ ಕಪಾಟು ತೆರೆದು ಆ ಕಾಗದಗಳನ್ನು ಹುಡುಕಿ. ಸಿಕ್ಕರೆ ಚೀಲಕ್ಕೆ ಹಾಕಿ. ಸಿಗದಿದ್ದರೆ ನಾಳೆಯೇ ಆಸ್ಪತ್ರೆಗೆ ಅರ್ಜಿ ಬರೆಯಿರಿ.